ಸಿಡಿಲು ಬಡಿದ ಮೂಲೆ

ಕೀಲ್ಸ್‌ಬಿ, ಲಿಂಕನ್‌ಶೈರ್
3 ಅಕ್ಟೋಬರ್ 2022

ಪ್ರೀತಿಯ ವಿಲ್ಫ್ರೆಡ್ ಚಿಕ್ಕಪ್ಪನಿಗೆ,

ಅಪ್ಪ ಹೋದ ಮೇಲೆ ನಿಮಗೆ ಬರೆಯುತ್ತಿರುವ ಎರಡನೇ ಕಾಗದ ಇದು. ಮೊದಲನೆಯದಕ್ಕೆ ನೀವು ನಾಲ್ಕೇ ಸಾಲು ಬರೆದಿರಿ. ಕಿವಿ ಪೂರ್ತಿ ಹೋಗಿದೆ, ಫೋನು ಇಟ್ಟುಕೊಂಡು ಪ್ರಯೋಜನವಿಲ್ಲ, ಏನಿದ್ದರೂ ಕಾಗದ ಬರಿ ಅಂತ. ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಮನೆತನದಲ್ಲಿ ಈಗ ಉಳಿದವರು ನಾವಿಬ್ಬರೇ ಅಲ್ಲವೇ.

ಹೊಲಗಳನ್ನು ಸೋಲಾರ್ ಪಾರ್ಕಿಗೆ ಗೇಣಿಗೆ ಕೊಡುವ ಮಾತು ಅಪ್ಪ ಇದ್ದಾಗಲೇ ಆಗಿತ್ತು. ಕೆಳಗಿನ ಹೊಲ ಒಂದನ್ನು ಬಿಟ್ಟು ಕೊಡೋಣ ಅನ್ನುತ್ತಿದ್ದರು. ಯಾಕೆ ಅಂತ ಕೇಳಿದರೆ ಬೂಟಿನ ದಾರ ಕಟ್ಟಿಕೊಳ್ಳುತ್ತಾ ಕೂತುಬಿಡುತ್ತಿದ್ದರು. ಕಂಪನಿಯವರಿಗೆ ಅದೂ ಬೇಕಿತ್ತು. ನಾನು ಸೇರಿಸಿ ಸಹಿ ಹಾಕಿದೆ.

ಕಂಬ ನೆಡುವ ಮೊದಲು ನೆಲದಡಿ ಹಳೇ ಕಾಲದ್ದು ಏನಾದರೂ ಇದೆಯೇ ಅಂತ ನೋಡಲೇಬೇಕಂತೆ. ಬೇಸಿಗೆಯಲ್ಲಿ ಇಬ್ಬರು ಬಂದು ತಳ್ಳುಗಾಡಿಯಂಥ ಯಂತ್ರ ಹಿಡಿದು ಹೊಲವೆಲ್ಲ ಅಡ್ಡಾಡಿ, ಮಣ್ಣಿನೊಳಗಿನ ಚಿತ್ರ ತೆಗೆದುಕೊಂಡು ಹೋಗಿದ್ದರು. ಈಗ ಅಗೆಯುವವರು ಬಂದಿದ್ದಾರೆ. ಎರಡು ಮೀಟರ್ ಅಗಲ, ಮೂವತ್ತು ಮೀಟರ್ ಉದ್ದದ ಟ್ರೆಂಚುಗಳು, ಒಟ್ಟು ಅರವತ್ತೆರಡು. ಜೆಸಿಬಿ ಮೇಲ್ಮಣ್ಣನ್ನು ಹೆರೆದು ಪಕ್ಕಕ್ಕೆ ಹಾಕುತ್ತದೆ. ಇವರು ಅದರ ಹಿಂದೆಯೇ ಕಳೆದುಹೋದ ಉಂಗುರ ಹುಡುಕುವವರ ಹಾಗೆ ತಲೆ ತಗ್ಗಿಸಿ ನಡೆಯುತ್ತಾರೆ. ಅವರ ಮೇಲಿನವರು ಎಮ್ಲಿನ್ ಪ್ರಾಸರ್ ಅಂತ, ವೇಲ್ಸ್ ಕಡೆಯವರು, ನನ್ನದೇ ವಯಸ್ಸು. ನಮ್ಮ ಮಹಡಿಯ ಕೋಣೆಯಲ್ಲೇ ಇದ್ದಾರೆ. ಊಟಕ್ಕೆ ಒಬ್ಬರು ಜೊತೆ ಸಿಕ್ಕಿದ್ದಾರೆ, ಸುಳ್ಳು ಯಾಕೆ ಹೇಳಲಿ, ಹಿತವಾಗಿದೆ.

ಎಲ್ಲರಿಗೂ ಹಿತವಾಗಿಲ್ಲ. ನಮ್ಮಲ್ಲಿ ಕೆಲಸಕ್ಕಿದ್ದ ಏಮಸ್ ಡ್ರಿಂಗ್‌ನ ಮಗಳು ಡೋರೀನ್ ನಿಮಗೆ ನೆನಪಿರಬೇಕು. ದಿನಾ ಬೆಳಿಗ್ಗೆ ಫಲಕ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಾಳೆ.

"ಗೋಧಿ ಬೆಳೆಯೋ ನೆಲದಲ್ಲಿ ಗಾಜು ಬಿತ್ತೋಕೆ ಹೊರಟಿದೀಯಲ್ಲ ಜಿಲ್, ಕೊಯ್ಲು ಯಾವಾಗ?" ಅಂದಳು ಮೊನ್ನೆ.

"ಬರೋ ವರ್ಷ. ನಿಮ್ಮನೆ ಕೆಟಲ್ಲಿಗೂ ಬರುತ್ತೆ ಆ ಕರೆಂಟು," ಅಂದೆ.

"ನಮ್ಮನೇಲಿ ಗ್ಯಾಸು," ಅಂದಳು. ಆಮೇಲೆ, "ನಿಮ್ಮ ಚಿಕ್ಕಪ್ಪ ಇನ್ನೂ ಇದಾರಾ?" ಅಂತ ಕೇಳಿದಳು.

ಈಗ ಒಂದು ವಿಷಯ. ಕೆಳಗಿನ ಹೊಲದಲ್ಲಿ ರೋಮನರ ಕಾಲದ ಒಂದು ಕಾಲುವೆ ಚಿತ್ರದಲ್ಲಿ ಕಂಡಿದೆ. ಅದು ನೇರ ಆಶ್ ಮರಗಳ ಮೂಲೆಗೆ, ಅಪ್ಪ ಬೇಲಿ ಹಾಕಿದ್ದರಲ್ಲ, ಅಲ್ಲಿಗೆ ಹೋಗುತ್ತದೆ. ತಾತನ ಕಾಲದಲ್ಲಿ ಸಿಡಿಲು ಬಡಿದು ಸತ್ತ ಹಸುಗಳನ್ನು ಅಲ್ಲಿ ಹೂತಿದ್ದರು ಅಂತ ಎಮ್ಲಿನ್‌ಗೆ ಹೇಳಿದ್ದೇನೆ. ಎಷ್ಟು ಹಸು, ಎಷ್ಟು ಆಳ, ನಿಮಗೇನಾದರೂ ನೆನಪಿದೆಯೇ?

ನಿಮ್ಮ
ಜಿಲ್


ಹೆಲ್ಸೇ ದ್ವೀಪ, ಆರ್ಕ್ನಿ
9 ಅಕ್ಟೋಬರ್

ಜಿಲ್,

ನಿನ್ನ ಕಾಗದ ಬಂತು. ಇಲ್ಲಿ ಹೆಬ್ಬಾತುಗಳು ಇಳಿದಿವೆ. ಮೇವಿಗೆ ಅಂತ ಬಿಟ್ಟ ಹುಲ್ಲನ್ನೆಲ್ಲ ತುಳಿದು ಹಾಕಿವೆ.

ಹಸು ಐದೋ ಆರೋ. ಲೆಕ್ಕ ಇಟ್ಟಿಲ್ಲ. ಐವತ್ತು ವರ್ಷದ ಮೇಲಾಯಿತು.

ಅಲ್ಲಿ ಅಗೆಯುವುದು ಬೇಡ. ಅದು ನೀರು ನಿಲ್ಲುವ ಜಾಗ, ಯಾವಾಗಲೂ ಜೌಗು. ಟ್ರೆಂಚು ಕುಸಿಯುತ್ತದೆ, ಯಾರ ಮೇಲಾದರೂ ಬಿದ್ದೀತು. ಹೀಗೆಂದು ಅವರಿಗೆ ಹೇಳು. ನಿನ್ನ ಅಪ್ಪ ಬಿಟ್ಟದ್ದನ್ನು ನೀನೂ ಬಿಡು.

ವಿಲ್ಫ್ರೆಡ್


ಕೀಲ್ಸ್‌ಬಿ
15 ಅಕ್ಟೋಬರ್

ಪ್ರೀತಿಯ ಚಿಕ್ಕಪ್ಪ,

ನಿಮ್ಮ ಕಾಗದವನ್ನು ಊಟದ ಹೊತ್ತಿಗೆ ಎಮ್ಲಿನ್‌ಗೆ ಓದಿ ಹೇಳಿದೆ. ನೀರು ನಿಲ್ಲುವ ಜಾಗ ಅಂದದ್ದೇ ತಡ, ಕೈಯಲ್ಲಿದ್ದ ಚಮಚ ಕೆಳಗಿಟ್ಟರು.

"ಇದನ್ನ ಮೊದಲೇ ಹೇಳಬಾರದಿತ್ತಾ? ಜೌಗು ಅಂದ್ರೆ ನಮಗೆ ಹಬ್ಬ. ಒಣ ನೆಲದಲ್ಲಿ ಕೊಳೆತು ಹೋಗೋ ಮರ, ಚರ್ಮ, ಎಲ್ಲಾ ಅಲ್ಲಿ ಉಳಿದಿರುತ್ತೆ. ರೋಮನ್ ಚಪ್ಪಲಿ ಸಿಕ್ಕಿದ್ರೂ ಸಿಕ್ಕಬಹುದು."

"ಕುಸಿಯುತ್ತೆ ಅಂತಿದಾರಲ್ಲ," ಅಂದೆ.

"ಇಳಿಜಾರಾಗಿ ಕತ್ತರಿಸ್ತೀವಿ. ನಿಮ್ಮ ಚಿಕ್ಕಪ್ಪಂಗೆ ನಮಸ್ಕಾರ ಹೇಳಿ, ಒಳ್ಳೇ ಸುಳಿವು ಕೊಟ್ರು."

ನಲವತ್ತೊಂದನೇ ಟ್ರೆಂಚು ಬೇಲಿಯಿಂದ ಆಚೆ ಬರಬೇಕಿತ್ತು. ಈಗ ಅದನ್ನು ಹತ್ತು ಮೀಟರ್ ಈಚೆಗೆ ಸರಿಸಿ ಮೂಲೆಗೇ ತಂದಿದ್ದಾರೆ. ಹದಿನೇಳಕ್ಕೆ ತೆರೆಯುತ್ತಾರೆ.

ಸಿಟ್ಟಾಗಬೇಡಿ. ಚಿಕ್ಕವಳಿದ್ದಾಗ ಆ ಮೂಲೆಗೆ ಚೆಂಡು ಬಿದ್ದರೆ ಅಪ್ಪ ಹೊಸ ಚೆಂಡು ತಂದುಕೊಡುತ್ತಿದ್ದರೇ ಹೊರತು ಹೋಗಿ ತಾ ಅನ್ನುತ್ತಿರಲಿಲ್ಲ. ಸಿಡಿಲಿಗೆ ಈ ಪಾಟಿ ಹೆದರುವ ಮನೆತನ ಇನ್ನೊಂದಿಲ್ಲ ಅಂತ ನಾನೂ ಎಮ್ಲಿನ್ನೂ ನಕ್ಕೆವು. ಅಲ್ಲಿ ನೀವಿಬ್ಬರೂ ಏನಾದರೂ ಬಚ್ಚಿಟ್ಟಿದ್ದರೆ ಈಗಲೇ ಹೇಳಿಬಿಡಿ, ಪಾಲು ಕೊಡುತ್ತೇನೆ.

ಡೋರೀನ್ ಕೇಳಿದ್ದಕ್ಕೆ ನೀವು ಏನೂ ಬರೆಯಲಿಲ್ಲ. ಚೆನ್ನಾಗಿದ್ದಾರೆ ಅಂತ ನಾನೇ ಹೇಳಿದೆ.

ಜಿಲ್


ಹೆಲ್ಸೇ
20 ಅಕ್ಟೋಬರ್

ಜಿಲ್,

ನಿಲ್ಲಿಸು. ತೆರೆದಿದ್ದರೆ ಇವತ್ತೇ ಮುಚ್ಚಿಸು. ಅಲ್ಲಿಯ ಮೂಳೆಯನ್ನಾಗಲಿ ಮಣ್ಣನ್ನಾಗಲಿ ಯಾರೂ ಬರಿಗೈಯಲ್ಲಿ ಮುಟ್ಟಬಾರದು. ಈ ಕಾಗದವನ್ನು ಆ ಮನುಷ್ಯನಿಗೆ ತೋರಿಸು.

ಕಾರಣ ಇದೆ. ಬರೆಯಲು ನನಗೆ ಇನ್ನೊಂದೆರಡು ದಿನ ಬೇಕು.

ವಿಲ್ಫ್ರೆಡ್


ಕೀಲ್ಸ್‌ಬಿ
25 ಅಕ್ಟೋಬರ್

ಪ್ರೀತಿಯ ಚಿಕ್ಕಪ್ಪ,

ನಿಮ್ಮ ಕಾಗದ ನಿನ್ನೆ ಕೈಗೆ ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನಲವತ್ತೊಂದನ್ನು ಹದಿನೇಳಕ್ಕೆ ತೆರೆದು ಇಪ್ಪತ್ತೊಂದಕ್ಕೆ ಮುಚ್ಚಿದರು. ಯಾರ ಮೇಲೂ ಏನೂ ಕುಸಿಯಲಿಲ್ಲ.

ನಿಮ್ಮ ಕಾಗದವನ್ನು ಎಮ್ಲಿನ್‌ಗೆ ತೋರಿಸಲಿಲ್ಲ. ಕೋಪ ಮಾಡಿಕೊಳ್ಳಬೇಡಿ. ಅವರು ನಕ್ಕರೆ ನನಗೆ ಬೇಸರವಾಗುತ್ತಿತ್ತು. ನೀವು ಅಲ್ಲಿ ಒಬ್ಬರೇ ಇದ್ದು ಇದ್ದು ಬೇಡದ್ದನ್ನೆಲ್ಲ ಯೋಚಿಸುತ್ತೀರಿ ಅನ್ನಿಸಿತು.

ರೋಮನ್ ಚಪ್ಪಲಿ ಸಿಗಲಿಲ್ಲ. ಕಾಲುವೆ ಇತ್ತು, ಆದರೆ ಅದನ್ನು ಸೀಳಿಕೊಂಡು ನಮ್ಮ ಹಸುಗಳ ಗುಂಡಿ. ಎಮ್ಲಿನ್ ಗುಂಡಿಯೊಳಗೆ ಇಳಿದು ಕರಣೆಯಲ್ಲಿ ಕೆರೆದು ಕೆರೆದು ನೋಡಿದರು. ಕೆಳಗೆ ಹಳೆಯವೂ ಬೆರೆತಿರಬಹುದು ಅಂತ ಒಂದೊಂದು ತಲೆಬುರುಡೆಯನ್ನೂ ಕೈಯಲ್ಲೇ ಒರೆಸಿದರು. ಐದೂ ಅಲ್ಲ, ಆರೂ ಅಲ್ಲ ಚಿಕ್ಕಪ್ಪ, ಒಂಬತ್ತು. ಮಣ್ಣು ಇದ್ದಿಲ ಹಾಗೆ ಕಪ್ಪು. ಎರಡರ ಕಾಲಿನ ಮೂಳೆ ಮೇಲೆ ಚಾಕು ಎಳೆದ ಗೀರು ತೋರಿಸಿದರು.

"ಈ ಎರಡರದ್ದು ಚರ್ಮ ಸುಲಿದಿದಾರೆ. ಮಿಕ್ಕ ಏಳಕ್ಕೆ ಯಾಕೆ ಕೈ ಹಚ್ಚಲಿಲ್ಲ?" ಅಂದರು.

"ಊಟದ ಹೊತ್ತಾಗಿರಬೇಕು," ಅಂದೆ.

ಅವರ ಮಣಿಕಟ್ಟಿಗೆ ಅಲ್ಲಿಯ ಮುಳ್ಳುಪೊದೆ ಗೀರಿತ್ತು. ಅದರ ಮೇಲೆ ಜೇಡ ಕಡಿದ ಹಾಗೆ ಒಂದು ಗುಳ್ಳೆ ಎದ್ದು, ಒಡೆದು, ಈಗ ನಡುವೆ ಕಪ್ಪಗೆ ಹಕ್ಕಳೆ ಕಟ್ಟಿದೆ. ವಿಚಿತ್ರ ಅಂದರೆ ಚೂರೂ ನೋವಿಲ್ಲ, ಸೂಜಿ ಚುಚ್ಚಿದರೂ ಗೊತ್ತಾಗದು ಅನ್ನುತ್ತಾರೆ. ಕ್ಲಿನಿಕ್ಕಿನವರು ಹುಳ ಕಡಿದದ್ದು ಅಂತ ಮುಲಾಮು ಕೊಟ್ಟು ಕಳಿಸಿದರು. ಕೈ ಸ್ವಲ್ಪ ಊದಿದೆ. ನಾನು ದಿನಾ ಬಿಸಿನೀರಲ್ಲಿ ಒರೆಸಿ ಬಟ್ಟೆ ಕಟ್ಟುತ್ತೇನೆ. ಬೇಡ ಅನ್ನುತ್ತಾರೆ, ಆದರೆ ಕೈ ಚಾಚುತ್ತಾರೆ.

ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೋ. ಬೇರೆ ಯಾರಿಗೂ ಹೇಳಿಲ್ಲ.

ಜಿಲ್


ಹೆಲ್ಸೇ
26 ಅಕ್ಟೋಬರ್

ಜಿಲ್,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಅದು ಸಿಡಿಲಲ್ಲ. ನೆರಡಿ ರೋಗ. ಡಾಕ್ಟರುಗಳು ಆಂಥ್ರಾಕ್ಸ್ ಅನ್ನುತ್ತಾರೆ. 1969ರ ಜೂನ್. ಸಂಜೆ ಮೇಯುತ್ತಿದ್ದ ಹಸುಗಳು ಬೆಳಿಗ್ಗೆ ಕಾಲು ಸೆಟೆದುಕೊಂಡು ಬಿದ್ದಿದ್ದವು. ಮೂಗಿನಲ್ಲಿ ಡಾಂಬರಿನಂಥ ರಕ್ತ. ಹಿಂದಿನ ದಿನ ಗುಡುಗಿತ್ತು. ನಿನ್ನ ತಾತ ಸಿಡಿಲು ಅಂದ. ಊರೂ ಸಿಡಿಲು ಅಂದಿತು. ಸರ್ಕಾರಕ್ಕೆ ತಿಳಿಸಬೇಕಿತ್ತು. ಅವರು ಬಂದು ಸುಡುತ್ತಿದ್ದರು, ನಮ್ಮ ಹಾಲನ್ನು ನಿಲ್ಲಿಸುತ್ತಿದ್ದರು. ನಾವು ತಿಳಿಸದೆ ಹೂತೆವು. ಸುಣ್ಣವನ್ನೂ ಹಾಕಲಿಲ್ಲ. ಸುಣ್ಣ ತರಿಸಿದರೆ ಜನ ಕೇಳುತ್ತಾರೆ ಅಂತ.

ಆ ವಿಷ ಮಣ್ಣಿನಲ್ಲಿ ಸಾಯುವುದಿಲ್ಲ. ಐವತ್ತು ವರ್ಷ ಆದರೂ, ನೂರಾದರೂ. ನಿನ್ನ ಅಪ್ಪ ರಾಲ್ಫ್‌ಗೂ ಗೊತ್ತಿತ್ತು. ಅದಕ್ಕೇ ಬೇಲಿ.

ಮೈಮೇಲೆ ಗುಳ್ಳೆ ಎದ್ದು ಕಪ್ಪಾದರೆ, ನೋವಿಲ್ಲದಿದ್ದರೆ, ಅದೇ. ಪೆನಿಸಿಲಿನ್ ಕೊಟ್ಟರೆ ಬದುಕುತ್ತಾರೆ, ತಡಮಾಡಬಾರದು. ಏಮಸ್ ಡ್ರಿಂಗ್ ಎರಡರ ಚರ್ಮ ಸುಲಿದಿದ್ದ. ಅವನು ಆಮೇಲೆ ತೀರಿಕೊಂಡ.

28 ಅಕ್ಟೋಬರ್

ದೋಣಿ ಬಂದಿಲ್ಲ. ವಿಮಾನವೂ ಇಲ್ಲ. ಗಾಳಿ ಆಗ್ನೇಯದಿಂದ, ಕಡಲು ದೋಣಿ ನಿಲ್ಲುವ ದಕ್ಕೆಯ ಮೇಲೆ ಹತ್ತುತ್ತಿದೆ. ಕಾಗದ ನನ್ನ ಜೇಬಿನಲ್ಲೇ ಇದೆ. ಅಂಚೆಯ ಮನೆಯವರೆಗೆ ಎರಡು ಸಲ ಹೋಗಿ ಬಂದೆ.

ನರ್ಸ್ ಮೊರಾಗ್‌ಳ ಮನೆಯಲ್ಲಿ ಫೋನು ಇದೆ. ಅವಳ ಕೈಗೆ ಇದನ್ನು ಕೊಟ್ಟರೆ ನನ್ನ ಬದಲು ಮಾತಾಡುತ್ತಾಳೆ. ಆದರೆ ಓದಬೇಕಾಗುತ್ತದೆ. ಇಲ್ಲಿ ಅರವತ್ತು ಜನ. ನಾನು ಈ ಚರ್ಚಿನ ಹಿರಿಯರ ಮಂಡಳಿಯಲ್ಲಿ ಮೂವತ್ತು ವರ್ಷ ಇದ್ದವನು. ನಾಳೆ ದೋಣಿ ಬಂದೀತು.

30 ಅಕ್ಟೋಬರ್

ಬರಲಿಲ್ಲ.

1 ನವೆಂಬರ್

ಬೆಳಿಗ್ಗೆ ದೋಣಿ ಬಂತು. ನಿನ್ನ ಇಪ್ಪತ್ತೈದರ ಕಾಗದ ಬಂತು. ದಕ್ಕೆಯ ಮೇಲೆ ನಿಂತೇ ಓದಿದೆ. ಮೊರಾಗ್‌ಳ ಮನೆಗೆ ಓಡಿದೆ, ಎಪ್ಪತ್ತೇಳರ ಕಾಲು ಎಷ್ಟು ಓಡಿಸುತ್ತದೋ ಅಷ್ಟು. ನಿನ್ನದನ್ನೂ ನನ್ನದನ್ನೂ ಅವಳ ಮೇಜಿನ ಮೇಲೆ ಇಟ್ಟೆ. ಓದಿದಳು. ನನ್ನ ಮುಖ ನೋಡಲಿಲ್ಲ, ಫೋನು ತೆಗೆದುಕೊಂಡಳು. ಈಗ ಮಾತಾಡುತ್ತಿದ್ದಾಳೆ. ನಾನು ಅವಳ ಅಡುಗೆಮನೆಯಲ್ಲಿ ಕೂತು ಇಷ್ಟು ಬರೆದೆ. ಇದನ್ನು ಈಗಲೇ ಕಳಿಸುತ್ತೇನೆ.

ವಿಲ್ಫ್ರೆಡ್


ಕೀಲ್ಸ್‌ಬಿ
8 ನವೆಂಬರ್

ವಿಲ್ಫ್ರೆಡ್ ಚಿಕ್ಕಪ್ಪನವರಿಗೆ,

ಎಮ್ಲಿನ್ ಬದುಕಿದ್ದಾರೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ನೀವು ಓದುತ್ತಾ ಕಾಯಬಾರದು.

ಮೊರಾಗ್ ಫೋನು ಮಾಡಿದಾಗ ಮಧ್ಯಾಹ್ನವಾಗುತ್ತಾ ಬಂದಿತ್ತು. ಎಮ್ಲಿನ್ ಎರಡು ದಿನದಿಂದ ಜ್ವರದಲ್ಲಿ ಮಲಗಿದ್ದರು. ಕೈ ಭುಜದವರೆಗೂ ಊದಿ ಚರ್ಮ ಹೊಳೆಯುತ್ತಿತ್ತು. ಬೆಳಿಗ್ಗೆ ನನ್ನನ್ನು ಅವರ ತಂಗಿಯ ಹೆಸರಿನಿಂದ ಕರೆದಿದ್ದರು. ಫ್ಲೂ ಅಂದುಕೊಂಡು ನಾನು ಸೂಪು ಮಾಡುತ್ತಿದ್ದೆ. ಮೊರಾಗ್ ಒಂದೇ ಪ್ರಶ್ನೆ ಕೇಳಿದಳು. "ಆ ಗಾಯ ಕಪ್ಪಗಿದೆಯಾ? ನೋವಿಲ್ವಾ?" ಹೌದು ಅಂದೆ. "ನಾನು ಹೇಳೋ ಹೆಸರು ಬರ್ಕೊಳ್ಳಿ, ಆಂಬುಲೆನ್ಸಿನವರಿಗೆ ಅದನ್ನೇ ಹೇಳಿ," ಅಂದಳು. ಅಕ್ಷರ ಅಕ್ಷರ ಹೇಳಿಸಿಕೊಂಡು ಬರೆದೆ. ನನ್ನ ಕೈಬರಹ ನನಗೇ ಓದಲು ಬರುತ್ತಿರಲಿಲ್ಲ.

ಇನ್ನರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರು ಆಸ್ಪತ್ರೆಯಲ್ಲಿ. ನಾಲ್ಕು ದಿನ ಅವರಿಗೆ ಎಚ್ಚರವಿರಲಿಲ್ಲ. ಈಗ ಇದೆ. ಮಣಿಕಟ್ಟಿನ ಹತ್ತಿರ ಅಂಗೈಯಗಲ ಚರ್ಮ ಹೋಗಿದೆ, ತೊಡೆಯಿಂದ ತೆಗೆದು ಹಚ್ಚಬೇಕಂತೆ. ಎರಡು ಬೆರಳು ಮಡಚುತ್ತಿಲ್ಲ. ಆ ಟ್ರೆಂಚಿಗೆ ಇಳಿದಿದ್ದ ಇನ್ನಿಬ್ಬರಿಗೂ, ಬಟ್ಟೆ ಕಟ್ಟಿದ ನನಗೂ ಎರಡು ತಿಂಗಳ ಮಾತ್ರೆ.

ಕೆಳಗಿನ ಹೊಲದ ಸುತ್ತ ಹಳದಿ ಪಟ್ಟಿ ಎಳೆದಿದ್ದಾರೆ. ಮೈತುಂಬ ಬಿಳಿ ಉಡುಪಿನವರು ಬಂದು ಮಣ್ಣು ತೆಗೆದುಕೊಂಡು ಹೋದರು. ಸೋಲಾರಿನವರು ಆ ಹೊಲ ಬಿಟ್ಟುಕೊಟ್ಟಿದ್ದಾರೆ. ಮಿಕ್ಕದ್ದು ಏನಾಗುತ್ತದೋ ಗೊತ್ತಿಲ್ಲ, ಕೇಳುವ ಮನಸ್ಸೂ ಇಲ್ಲ.

ನಿಮ್ಮ ಉದ್ದನೆಯ ಕಾಗದ ಮೂರನೇ ತಾರೀಖು ಬಂತು. ಅದರಲ್ಲಿ ನಾಲ್ಕು ತಾರೀಖುಗಳಿದ್ದವು. ಅವನ್ನು ನಾನು ಓದಿದೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ಓದಿದೆ. ಇಪ್ಪತ್ತೆಂಟಕ್ಕೆ ಫೋನು ನಿಮ್ಮಿಂದ ಎಷ್ಟು ದೂರವಿತ್ತು ಚಿಕ್ಕಪ್ಪ?

ಬರಿಗೈ ಅಂತ ನೀವು ಬರೆದದ್ದನ್ನು ನಾನು ಅಡಗಿಸಿಟ್ಟೆ. ಇಪ್ಪತ್ತನಾಲ್ಕಕ್ಕೇ ತೋರಿಸಿದ್ದರೆ ಎಮ್ಲಿನ್ ಆ ಗುಳ್ಳೆಯನ್ನು ಬೇರೆ ಥರ ನೋಡುತ್ತಿದ್ದರೇನೋ. ಇದನ್ನು ಅವರಿಗೆ ಹೇಳಿದ್ದೇನೆ. ಆಮೇಲೆ ನೀರು ಕೇಳಿದರು. ಕುಡಿಸಿದೆ. ಅಷ್ಟೇ.

ಇನ್ನೊಂದು. ಸುದ್ದಿ ಊರಲ್ಲಿ ಹರಡಿದ ದಿನ ಡೋರೀನ್ ಬಂದಳು. ಕೈಯಲ್ಲಿ ಫಲಕ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತಳು, ಕೋಟಿನ ಗುಂಡಿಯನ್ನೂ ಬಿಚ್ಚಲಿಲ್ಲ.

"ಆ ಮನುಷ್ಯನ ಕೈ ಮೇಲೆ ಇದ್ದದ್ದು ಹೆಂಗಿತ್ತು, ಹೇಳು," ಅಂದಳು.

ಹೇಳಿದೆ.

"ನಮ್ಮಪ್ಪನ ಕುತ್ತಿಗೆ ಮೇಲಿತ್ತು ಅದು. ಕೆಂಡ ಆರಿ ಅಂಟಿಕೊಂಡ ಹಾಗೆ. ನಂಗೆ ಒಂಬತ್ತು ವರ್ಷ. ಮುಟ್ಟಿ ನೋಡಿದ್ದೆ, ನೋವಾಯ್ತಾ ಅಪ್ಪ ಅಂದೆ. ಏನೂ ಇಲ್ಲ ಮರಿ ಅಂದ. ಎರಡು ದಿನಕ್ಕೆ ಹೋದ. ಮಳೇಲಿ ನೆನೆದು ನ್ಯುಮೋನಿಯ ಆಯ್ತು ಅಂತ ಅಮ್ಮಂಗೆ ಹೇಳಿದ್ದು ನಿಮ್ಮ ಚಿಕ್ಕಪ್ಪ. ಅಮ್ಮ ಸಾಯೋವರೆಗೂ ತನ್ನನ್ನೇ ಬೈಕೊಂಡ್ಲು, ಆ ದಿನ ದಪ್ಪ ಕೋಟು ಹಾಕಿ ಕಳಿಸಲಿಲ್ಲ ಅಂತ."

ಕುರ್ಚಿ ಎಳೆದು ಹಾಕಿದೆ, ಕೂರಲಿಲ್ಲ.

"ಒಂದು ಕೇಳು ಅವರನ್ನ," ಅಂದಳು. "ಚಾಕು ಹಿಡಿಯೋವಾಗ ನಮ್ಮಪ್ಪಂಗೆ ಗೊತ್ತಿತ್ತಾ?"

ಕೇಳಿದ್ದೇನೆ. ಉತ್ತರ ಬರೆಯಿರಿ. ಈ ಸಲ ಅರ್ಧ ಬರೆಯಬೇಡಿ.

ಜಿಲಿಯನ್ ಸ್ಟೆನೆಟ್


ಹೆಲ್ಸೇ
13 ನವೆಂಬರ್

ಜಿಲ್,

ಇದನ್ನು ಡೋರೀನ್‌ಗೆ ಓದಿ ಹೇಳು. ಒಂದು ಮಾತನ್ನೂ ಬಿಡಬೇಡ.

ಏಮಸ್‌ಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಾನು ಆ ವರ್ಷ ಕೃಷಿ ಕಾಲೇಜು ಮುಗಿಸಿ ಬಂದಿದ್ದೆ. ಆ ರಕ್ತದ ಬಗ್ಗೆ ನಮ್ಮ ಪುಸ್ತಕದಲ್ಲಿ ಒಂದು ಪುಟವಿತ್ತು. ಹಸುಗಳನ್ನು ನೋಡಿದ ಕೂಡಲೇ ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದೆ. "ಇದು ಸಿಡಿಲಲ್ಲ ಅಪ್ಪ, ಚರ್ಮಕ್ಕೆ ಚಾಕು ಹಾಕಬಾರದು, ಪಶುವೈದ್ಯರನ್ನ ಕರೆಸೋಣ." ಅಪ್ಪ ಅಂದ, "ನಿನ್ನೆ ಗುಡುಗಿತೋ ಇಲ್ವೋ? ಹಾಗಾದ್ರೆ ಸಿಡಿಲು. ನೀನು ಬಾಯಿ ಬಿಟ್ರೆ ಈ ಮನೆ ಹಾಲನ್ನ ನಾಯೀನೂ ಮೂಸಲ್ಲ."

ಹತ್ತು ಹೆಜ್ಜೆ ಆಚೆ ಏಮಸ್ ಚಾಕು ಮಸೆಯುತ್ತಿದ್ದ. ಸಿಡಿಲು ಬಡಿದ ದನದ ಚರ್ಮಕ್ಕೆ ಏನೂ ಆಗಿರುವುದಿಲ್ಲ ಅಂತ ಅಪ್ಪ ಅವನಿಗೇ ಕೊಟ್ಟಿದ್ದ. ನನ್ನನ್ನು ನೋಡಿ ಏಮಸ್, "ಏನು ಚಿಕ್ಕ ಯಜಮಾನ್ರೇ, ಮುಖ ಹಂಗ್ಯಾಕೆ?" ಅಂದ. ನಾನು, "ವಾಸನೆ," ಅಂದೆ. "ಕಾಲೇಜಿಗೆ ಹೋಗಿ ಬಂದ ಮೂಗು ನೋಡಿ, ನಾಜೂಕು," ಅಂತ ನಕ್ಕ. ಅವನು ನಗುತ್ತಿದ್ದಾಗ ನಾನು ಹೇಳಬಹುದಿತ್ತು. ಹೇಳಲಿಲ್ಲ. ಎರಡು ಹಸು ಸುಲಿಯುವವರೆಗೂ ನೋಡುತ್ತಾ ನಿಂತೆ. ಮೂರನೆಯದಕ್ಕೆ ಬಂದಾಗ ನನ್ನಿಂದ ಆಗಲಿಲ್ಲ. ಸಾಕು ಏಮಸ್, ಹೂತುಬಿಡೋಣ ಅಂದೆ. ಕಾರಣ ಹೇಳಲಿಲ್ಲ.

ನಾಲ್ಕನೇ ದಿನ ಕುತ್ತಿಗೆ ತೋರಿಸಿದ. ಹುಳ ಕಡಿದಿರಬೇಕು ಅಂದೆ. ಡಾಕ್ಟರ ಮನೆ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ಕಾದು ನೋಡೋಣ ಅಂದ ಅಪ್ಪ. ನಾನು ಮೂರು ದಿನ ಕಾದೆ. ಸೈಕಲ್ ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಕೊನೆಗೆ ಡಾಕ್ಟರು ಬಂದಾಗ ಏಮಸ್‌ಗೆ ಮಾತು ನಿಂತಿತ್ತು, ಕುತ್ತಿಗೆಗೆ ಅವನ ಹೆಂಡತಿ ಬಟ್ಟೆ ಸುತ್ತಿದ್ದಳು. ಡಾಕ್ಟರು ಮುದುಕರು, ಅವಸರದಲ್ಲಿದ್ದರು. ಮಳೆಯಲ್ಲಿ ನೆನೆದ ಅಂತ ಅವರಿಗೂ ಆ ತಾಯಿಗೂ ಹೇಳಿದ್ದು ನಾನೇ. ಯಾರೂ ಹೇಳು ಅಂದಿರಲಿಲ್ಲ. ಅದು ನನ್ನದೇ ಸುಳ್ಳು.

ಅವನ ಹೆಂಡತಿ ದಪ್ಪ ಕೋಟು ಹಾಕಿ ಕಳಿಸಿದ್ದರೂ ಅವನು ಸಾಯುತ್ತಿದ್ದ. ಇದನ್ನು ಆಕೆಗೆ ಹೇಳಲು ನನಗೆ ನಲವತ್ತು ವರ್ಷ ಸಮಯವಿತ್ತು.

ಆ ಚಳಿಗಾಲ ಮನೆ ಬಿಟ್ಟೆ. ಅಪ್ಪನ ಮೇಲಿನ ಸಿಟ್ಟು ಅಂದುಕೊಂಡಿದ್ದೆ. ದಿನಾ ಆ ಹೆಂಗಸು ಎದುರು ಸಿಗುತ್ತಿದ್ದಳು, ಅದಕ್ಕೆ.

ಇಪ್ಪತ್ತೆಂಟಕ್ಕೆ ಫೋನು ಎಷ್ಟು ದೂರವಿತ್ತು ಅಂತ ಕೇಳಿದ್ದೀಯ. ಆರು ನಿಮಿಷದ ನಡಿಗೆ. ಆಗಲೂ ಕಾದೆ.

ಇಲ್ಲಿಯ ಪೊಲೀಸರಿಗೆ ಎಲ್ಲ ಬರೆದುಕೊಟ್ಟಿದ್ದೇನೆ. ಚರ್ಚಿನಲ್ಲಿ ಎದ್ದು ನಿಂತು ಹೇಳಿದ್ದೇನೆ. ಇನ್ನು ಉಳಿದದ್ದು ಡೋರೀನ್. ಅವಳು ಬೇಡ ಅನ್ನದಿದ್ದರೆ ಅಲ್ಲಿಗೆ ಬಂದು ಎದುರಿಗೆ ಹೇಳುತ್ತೇನೆ. ಬೇಡ ಅಂದರೆ ಅದೂ ಅವಳ ಹಕ್ಕು. ನೀನು ನನ್ನನ್ನು ಮನೆಗೆ ಸೇರಿಸಬೇಕಿಲ್ಲ.

ವಿಲ್ಫ್ರೆಡ್


ಕೀಲ್ಸ್‌ಬಿ
20 ನವೆಂಬರ್

ಚಿಕ್ಕಪ್ಪ,

ನಿನ್ನೆ ಡೋರೀನ್‌ಳ ಮನೆಗೆ ಹೋಗಿ ಓದಿದೆ. ಒಂದು ಮಾತೂ ಬಿಡಲಿಲ್ಲ. ಸೈಕಲ್ಲಿನ ಮಾತು ಬಂದಾಗ ಓದುವುದನ್ನು ನಿಲ್ಲಿಸಿದೆ. "ಓದು," ಅಂದಳು. ಓದಿದೆ.

ಮುಗಿದ ಮೇಲೆ ಕಾಗದವನ್ನು ಕೈಗೆ ತೆಗೆದುಕೊಂಡಳು. ಕನ್ನಡಕ ಹಾಕಿಕೊಂಡು, ಅವಳ ಅಪ್ಪ ನಕ್ಕ ಜಾಗವನ್ನು ತಾನೇ ಇನ್ನೊಮ್ಮೆ ಓದಿಕೊಂಡಳು. "ಹೌದು, ಹಾಗೇ ಮಾತಾಡ್ತಿದ್ದ," ಅಂದಳು. ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗಿದಳು.

"ಬರ್ತೀನಿ ಅಂತಾರಾ?" ಅಂದಳು.

"ನೀವು ಬೇಡ ಅನ್ನದಿದ್ರೆ."

"ಕ್ಷಮಿಸ್ತೀನಿ ಅಂದ್ಕೊಂಡು ಬರೋದು ಬೇಡ. ಕೈ ಕುಲುಕಲ್ಲ. ಚಹಾನೂ ಮಾಡಲ್ಲ."

"ಹೇಳ್ತೀನಿ."

ನಾನು ಬಾಗಿಲವರೆಗೆ ಬಂದಿದ್ದೆ. ಅವಳು ಹಿಂದಿನಿಂದ ಅಂದಳು, "ಕೂತ್ಕೊಳ್ಳೋಕೆ ಕುರ್ಚಿ ಕೊಡ್ತೀನಿ ಅಂತ ಹೇಳು. ಮೊದಲಿಂದ ಹೇಳಬೇಕು, ನಮ್ಮಪ್ಪ ಆ ದಿನ ಏನೇನು ಅಂದ, ಎಲ್ಲಾ. ನಿಂತ್ಕೊಂಡು ಹೇಳಿ ಮುಗಿಸೋ ಮಾತಲ್ಲ ಅದು."

ಡಿಸೆಂಬರ್ ಎರಡು, ಶುಕ್ರವಾರದ ರೈಲಿಗೆ ಬನ್ನಿ. ಸ್ಟೇಷನ್ನಿಗೆ ನಾನು ಬರುತ್ತೇನೆ.

ಜಿಲ್